ಬೀಗ ಬಿದ್ದ ಮನೆಗಳ ಲೆಕ್ಕ

ಸಮೀಕ್ಷೆಯ ಕೆಲಸಕ್ಕೆ ಸೇರಿದ ಎರಡನೇ ವರ್ಷ ನಾನೊಂದು ತಪ್ಪು ಮಾಡಿದೆ. ಹೊಸಬರಿಗೆ ತರಬೇತಿ ಕೊಡುವಾಗಲೆಲ್ಲ ಮೊದಲ ದಿನವೇ ಅದನ್ನು ಹೇಳುತ್ತೇನೆ. ಇಲ್ಲಿಯೂ ಬರೆದಿಡುತ್ತಿದ್ದೇನೆ.

ಯಾದಗಿರಿ ಜಿಲ್ಲೆಯ ಒಂದು ಹಳ್ಳಿ, ಜನವರಿ ತಿಂಗಳು. ಮಕ್ಕಳ ಶಾಲೆ ಮತ್ತು ಲಸಿಕೆಯ ಬಗ್ಗೆ ಮನೆಮನೆ ಸಮೀಕ್ಷೆ ನಡೆದಿತ್ತು. ನಾನು ತಂಡದ ಮೇಲ್ವಿಚಾರಕಿ. ಮನೆಗಳ ಪಟ್ಟಿ ಮೊದಲೇ ಸಿದ್ಧವಾಗಿತ್ತು. ಬೀಗ ಹಾಕಿದ ಮನೆ ಸಿಕ್ಕರೆ ಪಕ್ಕದ ಮನೆಯನ್ನು ಸೇರಿಸಿಕೊಳ್ಳಬಹುದು ಎಂಬುದು ನಮ್ಮ ಅಧ್ಯಯನದ ನಿಯಮ. ಊರ ಹೊರಗಿನ ಓಣಿಯಲ್ಲಿ ಅರ್ಧಕ್ಕರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ನಿಯಮದಂತೆ ಪಕ್ಕದ ಮನೆಗಳಿಗೆ ಹೋದೆವು, ಸಂಜೆಯೊಳಗೆ ಗುರಿ ಮುಟ್ಟಿದೆವು, ಹಾಳೆಗಳಿಗೆ ನಾನು ಸಹಿ ಹಾಕಿದೆ. ಆ ಹಾಳೆಗಳ ಪ್ರಕಾರ ಊರಿನ ಬಹುತೇಕ ಎಲ್ಲ ಮಕ್ಕಳೂ ಶಾಲೆಯಲ್ಲಿದ್ದರು, ಬಹುತೇಕರಿಗೆ ಲಸಿಕೆ ಆಗಿತ್ತು.

ಮರುದಿನ ಹಾಜರಾತಿ ತಾಳೆ ನೋಡಲು ಶಾಲೆಗೆ ಹೋದೆ. ನಾಲ್ಕನೇ ತರಗತಿಯ ಹಾಜರಿ ಪುಸ್ತಕದಲ್ಲಿ ಮೂವತ್ತೊಂದು ಹೆಸರು, ಎದುರಿಗೆ ಕುಳಿತ ಮಕ್ಕಳು ಹದಿನೇಳು. ಉಳಿದವರೆಲ್ಲಿ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿದೆ. ‘ಬೆಂಗಳೂರಿನಲ್ಲಿದ್ದಾರೆ ಮೇಡಂ, ಯುಗಾದಿಗೆ ಬರುತ್ತಾರೆ. ಹೆಸರು ಹೊಡೆದುಹಾಕಿದರೆ ಆ ಮಕ್ಕಳು ಮತ್ತೆ ಈ ಕಡೆ ಮುಖ ಮಾಡುವುದಿಲ್ಲ. ಅದಕ್ಕೇ ಇರಿಸಿಕೊಂಡಿದ್ದೇನೆ’ ಎಂದರು. ಅವರ ಕಾಳಜಿಯಲ್ಲಿ ನನಗೆ ಆಗಲೂ ತಪ್ಪು ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ಆದರೆ ಆ ಹದಿನಾಲ್ಕು ಮಕ್ಕಳು ಶಾಲೆಯ ಲೆಕ್ಕದಲ್ಲಿ ಓದುತ್ತಿದ್ದರು, ನನ್ನ ಲೆಕ್ಕದಲ್ಲಿ ಇರಲೇ ಇಲ್ಲ.

ಬೀಗ ಯಾರ ಮನೆಗೆ ಬೀಳುತ್ತದೆ ಎಂದು ನಾನು ಯೋಚಿಸಿರಲಿಲ್ಲ. ತುಂಡು ಖುಷ್ಕಿ ಜಮೀನು ಇರುವವರ ಅಥವಾ ಅದೂ ಇಲ್ಲದವರ ಮನೆಗೆ, ಮೇಸ್ತ್ರಿಯ ಹತ್ತಿರ ಮುಂಗಡ ತೆಗೆದುಕೊಂಡವರ ಮನೆಗೆ ಬೀಳುತ್ತದೆ. ಕಾಲುವೆ ನೀರು, ಸಂಬಳ, ಅಂಗಡಿ ಇರುವವರು ಊರಲ್ಲೇ ಉಳಿಯುತ್ತಾರೆ. ಮನೆ ಬದಲಿಸಿದಾಗಲೆಲ್ಲ ನಾವು ಒಬ್ಬ ಬಡವರನ್ನು ತೆಗೆದು ಅನುಕೂಲವಿದ್ದ ಇನ್ನೊಬ್ಬರನ್ನು ಕೂರಿಸುತ್ತಿದ್ದೆವು. ಅಸಮಾನತೆಯನ್ನು ಅಳೆಯಲು ಹೋದವರು ಅದನ್ನೇ ಒರೆಸಿಹಾಕಿದೆವು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆರಿಸಿದ ಮನೆಯನ್ನು ಬದಲಿಸಲು ಅವಕಾಶವೇ ಇಲ್ಲ. ಆ ನಿಯಮದ ಬೆಲೆ ನನಗೆ ತಿಳಿದದ್ದು ಅಂದು.

ಇನ್ನೊಂದು ತೊಡಕು ಪದದ್ದು. ನಮ್ಮ ಪ್ರಶ್ನಾವಳಿಯಲ್ಲಿ ‘ವಲಸೆ’ ಎಂದಿತ್ತು. ‘ನಿಮ್ಮ ಮನೆಯಿಂದ ಯಾರಾದರೂ ವಲಸೆ ಹೋಗಿದ್ದಾರೆಯೇ?’ ಎಂದರೆ ಎಲ್ಲರೂ ಇಲ್ಲ ಎನ್ನುತ್ತಿದ್ದರು. ಊರು ಬಿಟ್ಟು ಪೂರ್ತಿ ಹೋದವರು ವಲಸೆ ಹೋದವರು, ಇವರು ದುಡಿಯಲು ಹೋದವರು. ಪತ್ರಿಕೆಗಳು ಬರೆಯುವ ‘ಗುಳೆ’ ಎಂಬ ಮಾತನ್ನು ಬಳಸಿದರೆ ಕೆಲವರ ಮುಖ ಸಣ್ಣದಾಗುತ್ತಿತ್ತು. ಈಗ ನಾನು ‘ಕಳೆದ ದಸರೆಯಿಂದ ಈಚೆಗೆ ಈ ಮನೆಯವರು ದುಡಿಯಲು ಎಲ್ಲೆಲ್ಲಿಗೆ ಹೋಗಿದ್ದರು?’ ಎಂದು ಕೇಳುತ್ತೇನೆ. ಉತ್ತರ ತಾನಾಗಿ ಬರುತ್ತದೆ.

ದೊಡ್ಡ ಲೆಕ್ಕಗಳಲ್ಲೂ ಇವರು ಜಾರಿಹೋಗುತ್ತಾರೆ. 2011ರ ಜನಗಣತಿ 45 ಕೋಟಿಗೂ ಹೆಚ್ಚು ವಲಸಿಗರನ್ನು ಎಣಿಸಿತು. ಆದರೆ ಅದು ಹುಟ್ಟಿದ ಊರು, ಹಿಂದೆ ವಾಸವಿದ್ದ ಊರು ಎಂದು ಕೇಳಿ ಹಿಡಿದ ಸಂಖ್ಯೆ. ಮದುವೆಯಾಗಿ ಗಂಡನ ಊರಿಗೆ ಹೋದ ಹೆಣ್ಣುಮಕ್ಕಳೇ ಅದರಲ್ಲಿ ದೊಡ್ಡ ಪಾಲು. ಎಣಿಕೆ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ, ನಮ್ಮ ಕಡೆ ಊರುಗಳು ಖಾಲಿಯಾಗಿರುವ ದಿನಗಳಲ್ಲಿ. 2007-08ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 64ನೇ ಸುತ್ತು ಅಲ್ಪಾವಧಿ ವಲಸೆಯನ್ನು ಬೇರೆಯಾಗಿಯೇ ಕೇಳಿತು. ಒಂದು ತಿಂಗಳಿಗಿಂತ ಕಡಿಮೆಯಿಲ್ಲದೆ, ಆರು ತಿಂಗಳೊಳಗೆ ದುಡಿಮೆಗಾಗಿ ಊರಿನಿಂದ ಹೊರಗಿದ್ದವರು ಅದರ ಲೆಕ್ಕಕ್ಕೆ ಸೇರಿದರು. ದಸರೆಗೆ ಹೋಗಿ ಮೇ ತಿಂಗಳಿಗೆ ಬರುವವರು ಆ ಗೆರೆಯ ಆಚೆಗೆ ಬೀಳುತ್ತಾರೆ.

ಆ ಓಣಿಯ ಕೆಲವು ಕುಟುಂಬಗಳ ಮೊಬೈಲ್ ನಂಬರನ್ನು ನೆರೆಯವರಿಂದ ಪಡೆದು ಫೆಬ್ರುವರಿಯಲ್ಲಿ ಬೆಂಗಳೂರಿಗೆ ಹೋದೆ. ನಗರದ ಪೂರ್ವಕ್ಕೆ ಏಳುತ್ತಿದ್ದ ಅಪಾರ್ಟ್‌ಮೆಂಟ್ ಒಂದರ ಹಿಂದೆ ಸಾಲು ತಗಡಿನ ಶೆಡ್‌ಗಳು. ಮೊದಲ ದಿನ ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದ. ನೀರು ಬರುತ್ತದೆ, ಆರೋಗ್ಯ ಚೆನ್ನಾಗಿದೆ, ಏನೂ ತೊಂದರೆಯಿಲ್ಲ ಎಂಬುದೇ ಎಲ್ಲರ ಉತ್ತರ. ಆ ಹಾಳೆಗಳನ್ನು ನಾನು ಲೆಕ್ಕಕ್ಕೆ ಸೇರಿಸಲಿಲ್ಲ. ಭಾನುವಾರ ಮಧ್ಯಾಹ್ನ ಕೆಲಸಕ್ಕೆ ಬಿಡುವು ಇದ್ದಾಗ ಮತ್ತೆ ಹೋಗಿ, ಒಲೆಯ ಮುಂದೆ ಕುಳಿತು ಅದೇ ಪ್ರಶ್ನೆಗಳನ್ನು ಕೇಳಿದೆ. ಟ್ಯಾಂಕರ್ ಎರಡು ದಿನಕ್ಕೊಮ್ಮೆ ಬರುತ್ತದೆ ಎಂಬುದು ಆಗ ಗೊತ್ತಾಯಿತು. ಜ್ವರ ಬಂದರೆ ದಿನದ ಕೂಲಿ ಹೋಗುತ್ತದೆ, ಆದ್ದರಿಂದ ಮೆಡಿಕಲ್ ಶಾಪಿನ ಮಾತ್ರೆಯೇ ಗತಿ ಎಂಬುದೂ ಗೊತ್ತಾಯಿತು. ಸರ್ಕಾರಿ ಆರೋಗ್ಯ ಕೇಂದ್ರ ಅಲ್ಲಿಂದ ದೂರವೇನಿರಲಿಲ್ಲ. ಅದು ಎಲ್ಲಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಹುಡುಗಿಯೊಬ್ಬಳು ಅಲ್ಲಿ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಮರಳ ರಾಶಿಯ ಬಳಿ ನಿಂತಿದ್ದಳು. ಹತ್ತಿರದ ಶಾಲೆಗೆ ಏಕೆ ಸೇರಿಸಲಿಲ್ಲ ಎಂದು ಕೇಳಿದ್ದಕ್ಕೆ ತಾಯಿ, ‘ಟಿ.ಸಿ. ಕೇಳಿದರು ಅಕ್ಕಾ, ಅದು ಊರಲ್ಲಿದೆ’ ಎಂದಳು. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂದು ಯಾವ ಶಾಲೆಯೂ ಮಗುವನ್ನು ಹೊರಗಿಡುವಂತಿಲ್ಲ. ಕಾಯ್ದೆ ಸ್ಪಷ್ಟವಾಗಿಯೇ ಇದೆ. ಅದನ್ನು ಶಾಲೆಯ ಬಾಗಿಲಲ್ಲಿ ನಿಂತು ಹೇಳುವವರು ಆ ತಾಯಿಯ ಜೊತೆಗಿರಲಿಲ್ಲ. ಬೆಂಗಳೂರಾದರೆ ಭಾಷೆಯಾದರೂ ಒಂದೇ. ಪುಣೆಗೆ, ಹೈದರಾಬಾದಿಗೆ ಹೋದವರ ಮಕ್ಕಳಿಗೆ ಪುಸ್ತಕದ ಲಿಪಿಯೇ ಬೇರೆ.

ಚಿಕ್ಕ ಮಗುವಿನ ಲಸಿಕೆಯ ಬಗ್ಗೆ ಕೇಳಿದೆ. ‘ಆಗಿದೆ, ಕಾರ್ಡ್ ಊರಲ್ಲಿ ಟ್ರಂಕಿನಲ್ಲಿದೆ’ ಎಂದಳು. ಜನವರಿಯಲ್ಲಿ ನಾನು ದಾಟಿಹೋದ ಮನೆ ಅದು. ಕಾರ್ಡ್ ಇದ್ದದ್ದು ಅದೇ ಬೀಗದ ಹಿಂದೆ. ಊರಿನ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಈ ಮಗು ‘ಊರಲ್ಲಿಲ್ಲ’. ಶೆಡ್ ಇರುವ ಪ್ರದೇಶದ ಪುಸ್ತಕದಲ್ಲಿ ಮಗುವಿನ ಹೆಸರೇ ಇಲ್ಲ.

ಅಂದಿನಿಂದ ಪ್ರತಿ ಸಮೀಕ್ಷೆಗೂ ಒಂದು ಬೀಗದ ಪುಸ್ತಕ ಇಟ್ಟಿದ್ದೇನೆ. ಯಾವಾಗ ಹೋದರು, ಎಲ್ಲಿಗೆ, ಮಕ್ಕಳು ಜೊತೆಗೆ ಹೋದರೋ ಅಜ್ಜಿಯ ಹತ್ತಿರ ಉಳಿದರೋ, ಯಾವ ಹಬ್ಬಕ್ಕೆ ಬರುತ್ತಾರೆ ಎಂದು ನೆರೆಯವರನ್ನು ಕೇಳಿ ಬರೆಯುತ್ತೇವೆ. ‘ಶಾಲೆಗೆ ಸೇರಿಸಿದ್ದೀರಾ?’ ಎಂಬ ಪ್ರಶ್ನೆಯ ಕೆಳಗೆ ‘ಕಳೆದ ವಾರ ಎಷ್ಟು ದಿನ ಹೋದಳು?’ ಎಂಬುದನ್ನು ಸೇರಿಸಿದ್ದೇವೆ. ಹಣ ಕೊಡುವವರು ಒಪ್ಪಿದರೆ ಅದೇ ಮನೆಗಳಿಗೆ ವರ್ಷದಲ್ಲಿ ಎರಡು ಸಲ ಹೋಗುತ್ತೇವೆ. ಒಪ್ಪದಿದ್ದರೆ ಜಗಳವಾಡುತ್ತೇನೆ.

ಆ ವರ್ಷದ ಯುಗಾದಿಗೆ ಹಳ್ಳಿಗೆ ಮತ್ತೆ ಹೋದೆ. ಆ ಮನೆಯ ಬಾಗಿಲು ತೆರೆದಿತ್ತು. ತಾಯಿ ಟ್ರಂಕಿನಿಂದ ಕಾರ್ಡ್ ತೆಗೆದುಕೊಟ್ಟಳು. ಮಗುವಿಗೆ ಒಂದೂವರೆ ವರ್ಷ ತುಂಬಿತ್ತು. ಒಂಬತ್ತನೇ ತಿಂಗಳ ದಡಾರ-ರುಬೆಲ್ಲಾ ಲಸಿಕೆಯ ಚೌಕದಲ್ಲಿ ತಾರೀಕು ಇತ್ತು, ಎರಡನೆಯದು ಖಾಲಿ. ಊರಿನಲ್ಲಿ ಲಸಿಕೆ ಹಾಕುವುದು ಗುರುವಾರ, ಅವರ ಬಸ್ಸು ಬುಧವಾರ ರಾತ್ರಿ, ಮೇಸ್ತ್ರಿ ಕಾಯುವುದಿಲ್ಲ. ಶೆಡ್ಡಿನ ಹತ್ತಿರದ ಆರೋಗ್ಯ ಕೇಂದ್ರದ ವಿಳಾಸವನ್ನು, ಅಲ್ಲಿಗೆ ಹೋಗುವ ದಾರಿಯನ್ನು ಕಾರ್ಡಿನ ಹಿಂಬದಿಯಲ್ಲಿ ಬರೆದುಕೊಟ್ಟೆ. ತಾಯಿ ಅದನ್ನು ಈ ಸಲ ಟ್ರಂಕಿಗೆ ಹಾಕದೆ, ಬೆಂಗಳೂರಿಗೆ ಒಯ್ಯುವ ಚೀಲದಲ್ಲಿ ಇಟ್ಟುಕೊಂಡಳು.