ಅರ್ಧಕ್ಕೆ ಬಿಟ್ಟವರೂ ಲೆಕ್ಕದಲ್ಲಿರಬೇಕು

ಚಿಕ್ಕಮಗಳೂರಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಕೆಲಸ ಮಾಡುತ್ತೇನೆ. ನಮ್ಮಲ್ಲಿಗೆ ಬರುವವರಲ್ಲಿ ಕಾಫಿ ತೋಟದ ಕೆಲಸದವರೇ ಜಾಸ್ತಿ. ಸೊಂಟ ನೋವು, ಮಂಡಿ ನೋವು, ಮೇಲೆತ್ತಲು ಬಾರದ ಭುಜ. ಹಣ್ಣಿನ ಕೊಯ್ಲು ಶುರುವಾಯಿತು ಅಂದರೆ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವವರು ಹೆಚ್ಚುತ್ತಾರೆ. ಕೂಲಿ ಬಿಟ್ಟು ಮೂಡಿಗೆರೆ ಕಡೆಯಿಂದ ಬಸ್ ಹತ್ತಿ ಬರಬೇಕಲ್ವಾ, ಅವರನ್ನು ದೂರಲು ಆಗುವುದಿಲ್ಲ.

ಒಬ್ಬಳು ಎಂಪಿಟಿ (ಫಿಸಿಯೋಥೆರಪಿಯ ಸ್ನಾತಕೋತ್ತರ ಪದವಿ) ವಿದ್ಯಾರ್ಥಿನಿ ಫ್ರೋಜನ್ ಶೋಲ್ಡರ್, ಅಂದರೆ ಭುಜ ಬಿಗಿದು ನೋಯುವ ತೊಂದರೆಯ ಮೇಲೆ ತನ್ನ ಪ್ರಬಂಧಕ್ಕೆ ನಮ್ಮಲ್ಲೇ ಅಧ್ಯಯನ ಮಾಡುತ್ತಿದ್ದಳು. ಒಂದು ಗುಂಪಿಗೆ ಬರೀ ವ್ಯಾಯಾಮ, ಇನ್ನೊಂದಕ್ಕೆ ವ್ಯಾಯಾಮದ ಜೊತೆ ಜೋರಾದ ಸ್ಟ್ರೆಚಿಂಗ್. ಕೊಯ್ಲಿನ ಹೊತ್ತಿಗೆ ಕೆಲವರು ಬರುವುದು ನಿಂತಿತು. "ಮೇಡಂ, ಪೂರ್ತಿ ಮಾಡಿದವರದ್ದಷ್ಟೇ ಲೆಕ್ಕ ಹಾಕ್ಲಾ?" ಎಂದು ಕೇಳಿದಳು. ಬೇಡ, ಮೊದಲು ಎಲ್ಲರಿಗೂ ಫೋನ್ ಮಾಡು ಎಂದೆ.

ಉತ್ತರಗಳು ಬೇರೆ ಬೇರೆ ಬಂದವು. ಒಬ್ಬರು, "ವಾಸಿ ಆಯ್ತಲ್ಲ, ಇನ್ಯಾಕೆ ಬರ್ಬೇಕು?" ಎಂದರು. ಕೆಲವರಿಗೆ ಕೊಯ್ಲಿನ ಕೆಲಸ. ಇನ್ನೊಬ್ಬರು ತುಂಬಾ ಸಂಕೋಚದಿಂದ, "ಎಳೆದ್ಮೇಲೆ ರಾತ್ರಿ ಎಲ್ಲಾ ನಿದ್ದೆ ಇಲ್ಲ ಮೇಡಂ, ಅದಕ್ಕೇ ಬರ್ಲಿಲ್ಲ" ಎಂದರು. ಇಂಥವರನ್ನು ಪಟ್ಟಿಯಿಂದ ತೆಗೆದರೆ ಏನಾಗುತ್ತದೆ ನೋಡಿ. ನೋವು ತಡೆಯಲಾಗದವರೆಲ್ಲ ಹೋದ ಮೇಲೆ ಆ ಗುಂಪಿನಲ್ಲಿ ಉಳಿಯುವವರು ಸ್ಟ್ರೆಚಿಂಗ್ ಒಗ್ಗಿದವರು ಮಾತ್ರ. ಸರಾಸರಿ ತಾನಾಗಿ ಚೆನ್ನಾಗಿ ಕಾಣುತ್ತದೆ. ಯಾರೂ ಸುಳ್ಳು ಬರೆದಿರುವುದಿಲ್ಲ, ಆದರೂ ಫಲಿತಾಂಶ ಸುಳ್ಳಾಗುತ್ತದೆ.

ಅದಕ್ಕೇ ಯಾರನ್ನು ಯಾವ ಗುಂಪಿಗೆ ಹಾಕಿದ್ದೇವೋ, ಅವರು ಚಿಕಿತ್ಸೆ ಬಿಟ್ಟರೂ ಅದೇ ಗುಂಪಿನಲ್ಲೇ ಲೆಕ್ಕ ಹಾಕಬೇಕು. ಫಿಸಿಯೋಥೆರಪಿ ಅಧ್ಯಯನಗಳ ಗುಣಮಟ್ಟ ಅಳೆಯುವ ಪೆಡ್ರೋ ಸ್ಕೇಲ್‌ನಲ್ಲಿ ಇದಕ್ಕೇ ಒಂದು ಅಂಕ ಇದೆ. ಮೊದಲು ಸೇರಿಸಿಕೊಂಡವರಲ್ಲಿ ಶೇಕಡಾ 85ಕ್ಕಿಂತ ಹೆಚ್ಚು ಜನರ ಅಳತೆ ಕೊನೆಗೆ ಸಿಕ್ಕಿರಬೇಕು ಎಂಬುದಕ್ಕೆ ಇನ್ನೊಂದು ಅಂಕ. ಚಿಕಿತ್ಸೆಗೆ ಬರದಿದ್ದರೂ ಪರವಾಗಿಲ್ಲ, ಅಳತೆಗೆ ಒಂದು ಸಲ ಬನ್ನಿ ಎಂದು ಕೇಳಿಕೊಂಡರೆ ನಮ್ಮ ಜನ ಬರುತ್ತಾರೆ. ಬಸ್ ಚಾರ್ಜ್ ಕೊಡುವ ವ್ಯವಸ್ಥೆಯನ್ನು ಮೊದಲೇ ಎಥಿಕ್ಸ್ ಕಮಿಟಿಗೆ (ಅಧ್ಯಯನದಿಂದ ರೋಗಿಗಳಿಗೆ ಅನ್ಯಾಯ ಆಗದಂತೆ ನೋಡುವ ಸಮಿತಿ) ಬರೆದು ಒಪ್ಪಿಗೆ ಪಡೆದಿದ್ದರೆ ಇನ್ನೂ ಒಳ್ಳೆಯದು.

ನಮ್ಮ ಕೆಲಸದಲ್ಲಿ ಇನ್ನೊಂದು ಕಷ್ಟ ಇದೆ. ಮಾತ್ರೆಯ ಅಧ್ಯಯನದಲ್ಲಿ ಯಾವುದು ನಿಜವಾದ ಮಾತ್ರೆ ಎಂದು ಡಾಕ್ಟರಿಂದಲೂ ಮುಚ್ಚಿಡಬಹುದು. ಭುಜ ಹಿಡಿದು ಎಳೆಯುವವರಿಗೆ ತಾವು ಎಳೆಯುತ್ತಿದ್ದೇವೆ ಎಂದು ಗೊತ್ತಾಗದಂತೆ ಮಾಡಲು ಸಾಧ್ಯವೇ? ಹಾಗಾಗಿ ಅಳೆಯುವವರಿಗಾದರೂ ಗುಂಪು ಗೊತ್ತಿರಬಾರದು. ಚಿಕಿತ್ಸೆ ಕೊಟ್ಟವರೇ ನೋವು ಎಷ್ಟಿದೆ ಎಂದು ಕೇಳಿದರೆ ನಮ್ಮ ಕಡೆಯ ಹಿರಿಯರು "ರೂಪಾಯಿಗೆ ಹನ್ನೆರಡಾಣೆ ವಾಸಿ" ಅಂದುಬಿಡುತ್ತಾರೆ. ಅದು ಅವರ ಒಳ್ಳೆಯತನ. ನಮ್ಮ ಕೈಯೂ ಹಾಗೇ. ಕೀಲು ಎಷ್ಟು ಡಿಗ್ರಿ ತಿರುಗುತ್ತದೆ ಎಂದು ಅಳೆಯುವ ಗೋನಿಯೋಮೀಟರ್ ಹಿಡಿದಾಗ ನಮಗೆ ಬೇಕಾದ ಗುಂಪಿನವರ ತೋಳನ್ನು ಸ್ವಲ್ಪ ಜಾಸ್ತಿಯೇ ಎತ್ತಿಸುತ್ತದೆ. ಅದಕ್ಕೆ ಆ ವಿದ್ಯಾರ್ಥಿನಿಯ ಅಧ್ಯಯನದ ಅಳತೆಗಳನ್ನೆಲ್ಲ ಪಕ್ಕದ ಕೋಣೆಯ ಸಹೋದ್ಯೋಗಿ ತೆಗೆದುಕೊಂಡರು. ಯಾವ ಚಿಕಿತ್ಸೆ ಎಂದು ಅವರ ಹತ್ತಿರ ಹೇಳಬೇಡಿ ಎಂದು ರೋಗಿಗಳಿಗೂ ತಿಳಿಸಿದ್ದೆವು.

ಫ್ರೋಜನ್ ಶೋಲ್ಡರ್ ಅನೇಕರಲ್ಲಿ ಕಾಲ ಕಳೆದಂತೆ ತಾನೇ ಸಡಿಲವಾಗುತ್ತದೆ ಎಂಬುದನ್ನೂ ಮರೆಯಬಾರದು. ಹೋಲಿಸಲು ಇನ್ನೊಂದು ಗುಂಪು ಇಲ್ಲದಿದ್ದರೆ ಯಾವ ಯಂತ್ರ ಇಟ್ಟು ಚಿಕಿತ್ಸೆ ಕೊಟ್ಟರೂ ವಾಸಿ ಮಾಡಿದ ಹೆಸರು ಅದಕ್ಕೇ ಬರುತ್ತದೆ.

ಪ್ರಬಂಧ ಶುರು ಮಾಡುವವರಿಗೆ ಒಂದು ಮಾತು. ಭಾರತದಲ್ಲಿ ಇಂಥ ಅಧ್ಯಯನಗಳನ್ನು ನೋಂದಾಯಿಸಲು 2007ರಿಂದ ಸಿಟಿಆರ್‌ಐ (ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ - ಇಂಡಿಯಾ) ಎಂಬ ಆನ್‌ಲೈನ್ ದಾಖಲೆ ಇದೆ. ದುಡ್ಡು ಕೊಡಬೇಕಿಲ್ಲ. 2018ರ ಏಪ್ರಿಲ್ 1ರಿಂದ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ನೋಂದಾಯಿಸಬೇಕು, ಆಮೇಲೆ ಬಂದರೆ ತೆಗೆದುಕೊಳ್ಳುವುದಿಲ್ಲ. ಮುಖ್ಯವಾಗಿ ಏನನ್ನು ಅಳೆಯುತ್ತೀರಿ, ಯಾವಾಗ ಅಳೆಯುತ್ತೀರಿ ಎಂದು ಅಲ್ಲಿ ಬರೆಯಬೇಕು. ತೋಳಿನ ಚಲನೆ ಎಂದು ಬರೆದು, ಅದರಲ್ಲಿ ವ್ಯತ್ಯಾಸ ಸಿಗದೆ, ಕೊನೆಗೆ ನೋವಿನ ಅಂಕವನ್ನೇ ಮುಂದಿಟ್ಟರೆ ಓದುವವರು ಹೋಲಿಸಿ ನೋಡಿ ಹಿಡಿಯಬಹುದು. ಎಥಿಕ್ಸ್ ಕಮಿಟಿಯ ಪತ್ರ ಕೈಯಲ್ಲಿಟ್ಟುಕೊಂಡು ಅರ್ಜಿ ಹಾಕಿ. ಸಿಟಿಆರ್‌ಐಯವರು ಪ್ರಶ್ನೆ ಕೇಳಿ ವಾಪಸ್ ಕಳಿಸುವುದುಂಟು, ಉತ್ತರ ಕೊಡಲು ಸಮಯ ಬೇಕು. ಸಿನಾಪ್ಸಿಸ್ (ಪ್ರಬಂಧದ ಯೋಜನೆಯ ಸಾರಾಂಶ) ಒಪ್ಪಿಗೆಯಾದ ವಾರವೇ ಈ ಕೆಲಸಕ್ಕೆ ಕೂತುಬಿಡಿ.