‘ನಮ್ಮೂರಲ್ಲಿ ಎಷ್ಟು ಪರ್ಸೆಂಟ್ ಕಾಣುತ್ತೆ?’ ಅಂತ ದಯವಿಟ್ಟು ಕೇಳಬೇಡಿ

2031ರ ಮೇ 21ಕ್ಕೆ ಕಂಕಣ ಸೂರ್ಯಗ್ರಹಣ ಇದೆ, ಕೇರಳ, ತಮಿಳುನಾಡಿನ ಮೇಲೆ ಹಾದು ಹೋಗುತ್ತದೆ, ನಾನಂತೂ ನೋಡಲು ಹೋಗುವವನೇ ಅಂತ ಎಲ್ಲಾದರೂ ಬಾಯಿ ಬಿಟ್ಟರೆ ಸಾಕು. ‘ನಮ್ಮೂರಲ್ಲಿ ಎಷ್ಟು ಪರ್ಸೆಂಟ್ ಕಾಣುತ್ತೆ?’ ಕರ್ನಾಟಕದಲ್ಲಿ ಪಾರ್ಶ್ವ ಗ್ರಹಣ ಮಾತ್ರ, ಆದರೂ ಸೂರ್ಯ ಸುಮಾರಾಗಿ ಮುಚ್ಚುತ್ತಾನೆ ಅಂದರೆ ಎರಡನೇ ಪ್ರಶ್ನೆ ರೆಡಿ. ‘ಅಷ್ಟು ಸಾಕಲ್ವಾ? ಅದಕ್ಕೆ ಕೊಚ್ಚಿವರೆಗೆ ಯಾಕೆ ಹೋಗಬೇಕು?’ ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ಲಿಫ್ಟಲ್ಲಿ ಕೇಳುತ್ತಾರೆ. ಹೇಳಿ ಹೇಳಿ ಗಂಟಲು ಒಣಗಿದೆ. ಒಂದು ಸಲ ಬರೆದು ಹಾಕುತ್ತೇನೆ.

ಸಾಲದು. ಇದು ಉತ್ತರ.

ಯಾಕೆ ಅಂತ ಬೇಕಾದವರು ಮುಂದೆ ಓದಿ. ಕೊಚ್ಚಿಯಲ್ಲೂ ನೂರಕ್ಕೆ ನೂರು ಇಲ್ಲ ಮಾರಾಯ್ರೆ. ಅವತ್ತು ಚಂದ್ರ ಸೂರ್ಯನ ನಟ್ಟನಡುವೆ ಬಂದು ನಿಂತರೂ ಮುಚ್ಚುವುದು ಸುಮಾರು 92 ಪರ್ಸೆಂಟ್. ಉಳಿದ 8 ಸುತ್ತಲೂ ಉರಿಯುತ್ತಲೇ ಇರುತ್ತದೆ, ನಾನು ನೋಡಲು ಹೋಗುವುದು ಅದನ್ನೇ. ಜನ ಇದನ್ನು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ತರ ನೋಡುತ್ತಾರೆ, ಡಿಸ್ಟಿಂಕ್ಷನ್ ಬಂತಲ್ಲ, ಇನ್ನು ನಾಲ್ಕು ಜಾಸ್ತಿ ಬಂದರೆಷ್ಟು ಬಿಟ್ಟರೆಷ್ಟು ಅಂತ. ಆದರೆ ಇಲ್ಲಿ ಆ ನಾಲ್ಕರಲ್ಲೇ ಎಲ್ಲ ಇರುವುದು.

2019ರ ಡಿಸೆಂಬರ್ 26 ನೆನಪಿದೆಯಾ? ಅವತ್ತಿನ ಕಂಕಣ ಮಂಗಳೂರು, ದಕ್ಷಿಣ ಕೊಡಗು, ಕಾಸರಗೋಡು, ಕೊಯಮತ್ತೂರು ಕಡೆಯಿಂದ ಹಾದು ಹೋಯಿತು. ನಾವು ಮಂಗಳೂರಲ್ಲಿ, ತಾರಸಿ ಮೇಲೆ. ಒಂಬತ್ತು ದಾಟುವಾಗ ಬಿಸಿಲು ಇತ್ತು, ಆದರೆ ಅದರಲ್ಲಿ ಜೀವ ಇರಲಿಲ್ಲ. ಗ್ರಹಣದ ಕನ್ನಡಕದಲ್ಲಿ ಸೂರ್ಯ ತೆಳು ಕುಡುಗೋಲಾಗಿದ್ದ. ಅದರ ಎರಡು ತುದಿಗಳು ಒಂದರ ಕಡೆಗೆ ಇನ್ನೊಂದು ಸರಿಯುತ್ತಾ ಸರಿಯುತ್ತಾ ಬಂದು, ನಡುವೆ ಉಳಿದ ಜಾಗದಲ್ಲಿ ಚುಕ್ಕಿ ಚುಕ್ಕಿಯಾಗಿ ಬೆಳಕು ಕಂಡಿತು. ಆಮೇಲೆ ಎಲ್ಲ ಕೂಡಿಕೊಂಡವು. ಉಂಗುರ! ಒಂದು ಕಡೆ ದಪ್ಪ, ಇನ್ನೊಂದು ಕಡೆ ನೂಲಿನಷ್ಟು ಸಪೂರ, ಯಾಕೆಂದರೆ ಮಂಗಳೂರು ಆ ದಾರಿಯ ಅಂಚಿನಲ್ಲಿತ್ತು. ಅಂಗಳದ ಮಾವಿನ ಮರದ ಕೆಳಗೆ ಎಲೆ ಸಂದಿಯಿಂದ ಬಿದ್ದ ಬೆಳಕೂ ಉಂಗುರ ಉಂಗುರವಾಗಿಯೇ ಬಿದ್ದಿತ್ತು.

ಸರಿಯಾಗಿ ಆಗಲೇ ಬೆಂಗಳೂರಿನಿಂದ ಭಾವನ ಫೋನು. ‘ನಮ್ಮಲ್ಲಿ 89 ಅಂತೆ. ನಿಮ್ಮಲ್ಲಿ ಎಷ್ಟು?’

‘93, ಭಾವ.’

‘ಅಯ್ಯೋ, ಅಷ್ಟೇನಾ!’

ಅವರು ಕಂಡದ್ದು ಕುಡುಗೋಲು. ನಾನು ಕಂಡದ್ದು ಉಂಗುರ, ಅದೂ ಅರ್ಧ, ಇನ್ನರ್ಧ ಫೋನಲ್ಲೇ ಹೋಯಿತು. ಗ್ರಹಣದ ಹೊತ್ತಿಗೆ ಊಟ ಮಾಡಬಾರದು ಅಂತಾರಲ್ಲ, ಫೋನ್ ಮಾಡಬಾರದು ಅಂತ ಒಂದು ಶಾಸ್ತ್ರ ಇದ್ದಿದ್ದರೆ ನಾನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದೆ.

ಇಷ್ಟು ಜನ ಪರ್ಸೆಂಟ್ ಕೇಳುತ್ತಾರೆ, ಚಂದ್ರ ಯಾಕೆ ಸಾಲಲಿಲ್ಲ ಅಂತ ಒಬ್ಬರೂ ಕೇಳುವುದಿಲ್ಲ. ಕೇಳಿ ಸ್ವಾಮಿ, ಕೂರಿಸಿ ಕಾಫಿ ಕೊಟ್ಟು ಹೇಳುತ್ತೇನೆ. 1980ರ ಫೆಬ್ರವರಿ 16ಕ್ಕೆ ಇದೇ ಚಂದ್ರ ಅಂಕೋಲಾ, ಹುಬ್ಬಳ್ಳಿ, ರಾಯಚೂರು ಕಡೆ ಸೂರ್ಯನನ್ನು ಪೂರ್ತಿ ಮುಚ್ಚಿದ್ದ. 2019ರಲ್ಲಿ ಮಾತ್ರ ಅಂಚು ಬಿಟ್ಟ. ಏನಾಯಿತು ಅವನಿಗೆ?

ಸೂರ್ಯ ಚಂದ್ರನಿಗಿಂತ ಸುಮಾರು 400 ಪಟ್ಟು ದೊಡ್ಡವನು, ಸುಮಾರು 400 ಪಟ್ಟು ದೂರದಲ್ಲೂ ಇದ್ದಾನೆ. ಅದಕ್ಕೇ ಆಕಾಶದಲ್ಲಿ ಇಬ್ಬರೂ ಹೆಚ್ಚುಕಮ್ಮಿ ಒಂದೇ ಅಳತೆ. ಆಟ ಇರುವುದು ಆ ಹೆಚ್ಚುಕಮ್ಮಿಯಲ್ಲಿ. ಚಂದ್ರ ಸುತ್ತುವ ದಾರಿ ಸರಿಯಾದ ವೃತ್ತ ಅಲ್ಲ. ಒಮ್ಮೆ ಮೂರೂವರೆ ಲಕ್ಷ ಕಿಲೋಮೀಟರಿನ ಆಸುಪಾಸಿಗೆ ಬರುತ್ತಾನೆ, ಒಮ್ಮೆ ನಾಲ್ಕು ಲಕ್ಷ ದಾಟಿ ಹೋಗುತ್ತಾನೆ. ಅವನ ದಟ್ಟ ನೆರಳು ಹೋಗುತ್ತಾ ಹೋಗುತ್ತಾ ಚೂಪಾಗಿ, ಮೂರುಮುಕ್ಕಾಲು ಲಕ್ಷ ಕಿಲೋಮೀಟರಿನ ಹತ್ತಿರ ಮುಗಿದುಹೋಗುತ್ತದೆ. ಹತ್ತಿರ ಇದ್ದ ದಿನ ಅಡ್ಡ ಬಂದರೆ ಆ ತುದಿ ನೆಲ ಮುಟ್ಟುತ್ತದೆ, ಅಲ್ಲಿದ್ದವರಿಗೆ ಖಗ್ರಾಸ. ದೂರ ಇದ್ದ ದಿನ ಬಂದರೆ ತುದಿ ನೆಲ ಮುಟ್ಟುವ ಮೊದಲೇ ಮುಗಿಯುತ್ತದೆ, ಅದರಾಚೆ ನಿಂತ ನಮಗೆ ಚಂದ್ರನ ಸುತ್ತ ಸೂರ್ಯನ ಅಂಚು ಕಾಣುತ್ತದೆ. 2031ರಲ್ಲಿ ಅವನು ಸೂರ್ಯನಿಗಿಂತ ಅಡ್ಡಳತೆಯಲ್ಲಿ ಬರೀ 4 ಪರ್ಸೆಂಟ್ ಚಿಕ್ಕವನಾಗಿ ಕಾಣುತ್ತಾನೆ. ಹಾಗಾದರೆ ಪ್ರತಿ ಅಮಾವಾಸ್ಯೆಗೂ ಗ್ರಹಣ ಯಾಕಿಲ್ಲ ಅಂದರೆ ಅವನ ದಾರಿ ಐದು ಡಿಗ್ರಿ ವಾರೆ. ಹೆಚ್ಚಿನ ತಿಂಗಳು ಸೂರ್ಯನ ಮೇಲಿಂದಲೋ ಕೆಳಗಿಂದಲೋ ಸುಮ್ನೆ ದಾಟಿಬಿಡುತ್ತಾನೆ.

ಇನ್ನೊಂದು ಇದೆ. ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಹೋಗುತ್ತಿದ್ದಾನೆ. ಅಪೊಲೊ ಯಾತ್ರಿಗಳು ಅಲ್ಲಿಟ್ಟು ಬಂದ ಪ್ರತಿಫಲಕಗಳಿಗೆ ಇಲ್ಲಿಂದ ಲೇಸರ್ ಹೊಡೆದು ಅಳೆಯುತ್ತಾರೆ. ಸುಮಾರು 60 ಕೋಟಿ ವರ್ಷ ಕಳೆದರೆ ಖಗ್ರಾಸ ಅನ್ನುವುದೇ ಇರುವುದಿಲ್ಲ, ಬರೀ ಉಂಗುರಗಳೇ. ಎರಡೂ ಸಿಗುವ ಕಾಲದಲ್ಲಿ ಹುಟ್ಟಿ ನಾವು ಪರ್ಸೆಂಟ್ ಕೇಳುತ್ತಾ ಕೂತಿದ್ದೇವೆ.

ಹೋಗುವವರಿಗೆ ಒಂದು ಮಾತು. ಖಗ್ರಾಸದಲ್ಲಿ ಸೂರ್ಯ ಪೂರ್ತಿ ಮುಚ್ಚಿದ ಆ ಸ್ವಲ್ಪ ಹೊತ್ತು ಕನ್ನಡಕ ತೆಗೆಯಬಹುದು. ಕಂಕಣದಲ್ಲಿ ಒಂದು ಕ್ಷಣವೂ ಇಲ್ಲ, ಆ ತೆಳು ಅಂಚೇ ಕಣ್ಣು ತೆಗೆಯುತ್ತದೆ. ಹಳೇ ಎಕ್ಸ್‌ರೇ ಫಿಲ್ಮ್ ಹುಡುಕಿಕೊಂಡು ಬರಬೇಡಿ.

ಮೇ 21 ಬುಧವಾರ. ಉಂಗುರ ಕಾಣುವುದು ಮಧ್ಯಾಹ್ನ ಒಂದರ ಆಸುಪಾಸು, ದಾರಿಯಲ್ಲೆಲ್ಲ ಅತಿ ಹೆಚ್ಚು ಹೊತ್ತು ಅಂದರೆ 5 ನಿಮಿಷ 26 ಸೆಕೆಂಡು. ಕೊಚ್ಚಿ, ಆಲಪ್ಪುಳ, ಕೋಟ್ಟಯಂ, ತೇನಿ, ಮಧುರೈ ಎಲ್ಲ ದಾರಿಯಲ್ಲಿವೆ. ಕೇರಳಕ್ಕೆ ಮುಂಗಾರು ಬರುವುದು ಜೂನ್ ಒಂದರ ಸುಮಾರಿಗೆ, ಮೋಡದ ಭಯ ಆಗಲೇ ಶುರುವಾಗಿರುತ್ತದೆ. ಘಟ್ಟದ ಆಚೆ ಮಧುರೈ ವಾಸಿ ಅಂತ ನನ್ನ ಲೆಕ್ಕ. ಮೀನಾಕ್ಷಿ ದರ್ಶನ ಮಾಡಿಸುತ್ತೇನೆ ಅಂತ ಹೇಳಿ ಅಕ್ಕನನ್ನೂ ಭಾವನನ್ನೂ ಒಪ್ಪಿಸಿದ್ದೇನೆ. ಗ್ರಹಣದ ಹೊತ್ತಲ್ಲಿ ದೇವಸ್ಥಾನಗಳ ಬಾಗಿಲು ಹಾಕುತ್ತಾರೆ ಅನ್ನುವುದು ಅಕ್ಕನಿಗೆ ಸದ್ಯಕ್ಕೆ ಹೊಳೆದಿಲ್ಲ.