ಅಲೆ ವಿದ್ಯುತ್ ಮಾದರಿ, 4ನೇ ಹಂತ: ಟರ್ಬೈನ್ ಜಾಗಕ್ಕೆ ಬರೀ ತೂತು

ತೊಟ್ಟಿಯಲ್ಲಿ ಅಲೆ ಎಬ್ಬಿಸಿ ವಿದ್ಯುತ್ ತೆಗೆಯುವ ನಮ್ಮ ಮಾದರಿಯಿಂದ ಪುಟ್ಟ ವೆಲ್ಸ್ ಟರ್ಬೈನನ್ನು (ಗಾಳಿಯಿಂದ ಸುತ್ತುವ ರೆಕ್ಕೆಚಕ್ರ) ಬಿಚ್ಚಿಟ್ಟಾಯಿತು. ಕೇರಳದ ವಿಳಿಂಜಂನಲ್ಲಿ 1991ರಲ್ಲಿ ಐಐಟಿ ಮದ್ರಾಸ್‌ನವರು ಚಾಲೂ ಮಾಡಿದ 150 ಕಿಲೋವಾಟ್ ಘಟಕದಲ್ಲಿದ್ದದ್ದೂ ಇದೇ ಜಾತಿಯದು. ಅಲೆಗೆ ಕೋಣೆಯೊಳಗೆ (ನಮ್ಮಲ್ಲಿ ನೀರಲ್ಲಿ ನಿಂತ ಪಿವಿಸಿ ಪೈಪು) ನೀರು ಏರಿದರೆ ಗಾಳಿ ಹೊರಕ್ಕೆ, ಇಳಿದರೆ ಒಳಕ್ಕೆ; ರೆಕ್ಕೆ ಮಾತ್ರ ಒಂದೇ ದಿಕ್ಕಿಗೆ ಸುತ್ತುತ್ತದೆ. ಆದರೆ 2 ಸೆಂ.ಮೀ. ಅಗಲದ ರೆಕ್ಕೆ ಸೆಕೆಂಡಿಗೆ 10 ಮೀ. ವೇಗದಲ್ಲಿ ತಿರುಗಿದರೂ ರೆನಾಲ್ಡ್ಸ್ ಸಂಖ್ಯೆ (ಹರಿವಿನ ವೇಗ, ಗಾತ್ರಗಳ ಮುಂದೆ ಗಾಳಿಯ ಅಂಟುತನ ಎಷ್ಟು ಎಂದು ಹೇಳುವ ಅಳತೆ) ಸುಮಾರು 13,000. ಅಷ್ಟರಲ್ಲಿ ಎತ್ತುಬಲ ಸೊರಗಿ ಎಳೆತ ಜಾಸ್ತಿಯಾಗುತ್ತದೆ. ಸಾಲದ್ದಕ್ಕೆ ವೆಲ್ಸ್ ತಾನಾಗಿ ಸ್ಟಾರ್ಟ್ ಆಗಲು ಮೊದಲೇ ಒಲ್ಲದು.

ಈಗ ಅದರ ಜಾಗದಲ್ಲಿ 3 ಮಿ.ಮೀ. ಅಕ್ರಿಲಿಕ್ ಬಿಲ್ಲೆ, ನಡುವೆ 15 ಮಿ.ಮೀ. ತೂತು. ಪಿವಿಸಿ ಪೈಪಿನ ಒಳವ್ಯಾಸ 152 ಮಿ.ಮೀ., ಅಂದರೆ ತೂತಿನ ವಿಸ್ತೀರ್ಣ ಪೈಪಿನದರ ಶೇ. 1. ಟರ್ಬೈನ್ ಗಾಳಿಗೆ ಒಡ್ಡುವ ತಡೆಯನ್ನು ಇದೇ ಒಡ್ಡುತ್ತದೆ. ಒತ್ತಡವನ್ನು ಗಾಳಿಯ ಹರಿವಿನಿಂದ ಗುಣಿಸಿದರೆ ವಾಟ್ ಸಿಕ್ಕಿತು.

ಪೈಪ್ ನೀರಿನಲ್ಲಿ 25 ಸೆಂ.ಮೀ. ಮುಳುಗಿದೆ. ಬರೀ ಅಷ್ಟನ್ನೇ ಲೆಕ್ಕ ಹಿಡಿದರೆ ಒಳಗಿನ ನೀರಿನ ಸ್ವಂತ ತೂಗಾಟ 1.0 ಸೆಕೆಂಡ್. ಪೈಪಿನ ಕೆಳಬಾಯಿಯ ಹೊರಗೆ ಜೊತೆಗೆ ಅಲುಗುವ ನೀರಿಗೆ ಇನ್ನೊಂದು 4.6 ಸೆಂ.ಮೀ. ಸೇರಿಸಬೇಕು, ಆಗ 1.1. ಅಲೆ ಎಬ್ಬಿಸುವ ಹಲಗೆಯನ್ನೂ ಅದಕ್ಕೇ ಹೊಂದಿಸಿದ್ದೇವೆ.

6 ಸೆಂ.ಮೀ. ಎತ್ತರದ ಅಲೆಗೆ ಒಳಗಿನ ನೀರು ಮೇಲೆ 2, ಕೆಳಗೆ 2 ಸೆಂ.ಮೀ. ಆಡುತ್ತಿದೆ, ಗರಿಷ್ಠ ಒತ್ತಡ 200 ಪಾಸ್ಕಲ್ ಆಸುಪಾಸು. ಸರಾಸರಿ 0.18 ವಾಟ್. ಪೈಪಿನ ಅಗಲಕ್ಕೆ ಬಂದು ಬಡಿಯುವ ಅಲೆಯಲ್ಲಿರುವುದೇ ಸುಮಾರು 0.6 ವಾಟ್, ಹಾಗಾಗಿ ಇದು ಕಮ್ಮಿಯೇನಲ್ಲ.

ಕಾಟ ಕೊಟ್ಟದ್ದು ಸೆನ್ಸರ್. ಒತ್ತಡ ಅಳೆಯುವ ಎಂಪಿಎಕ್ಸ್‌ವಿ7002 ಒಂದು ಕಿಲೋಪಾಸ್ಕಲ್‌ಗೆ 1 ವೋಲ್ಟ್ ಕೊಡುತ್ತದೆ. ಅದನ್ನು ಓದುವ ಆರ್ಡುಯಿನೊ ಬೋರ್ಡಿನ 10 ಬಿಟ್‌ಗೆ (ಒಟ್ಟು 1024 ಮೆಟ್ಟಿಲು) ನಮ್ಮ 200 ಪಾಸ್ಕಲ್ ಅಂದರೆ ಬರೀ 41 ಮೆಟ್ಟಿಲು. ಇನ್ನೂ ಸಣ್ಣ ಮೆಟ್ಟಿಲಲ್ಲಿ ವೋಲ್ಟ್ ಓದುವ ಎಡಿಎಸ್1115 ಚಿಪ್ ಹಾಕಿದ ಮೇಲೆ ಗೆರೆ ನುಣುಪಾಯಿತು. ಸೆನ್ಸರ್ ನಳಿಗೆ ಪೈಪಿನಿಂದ ಮೇಲ್ಮುಖವಾಗಿಯೇ ಹೋಗಬೇಕು. ಎಲ್ಲಾದರೂ ಜೋಲಿದರೆ ಅಲ್ಲೊಂದು ಹನಿ ಕೂತು ಓದು ಸುಳ್ಳಾಗುತ್ತದೆ. ಮುಚ್ಚಳದ ಸಂದಿಗೆ ಸೋಪಿನ ನೀರು ಹಚ್ಚಿ ನೋಡಿ: ಗುಳ್ಳೆ ಎದ್ದರೆ ಗಾಳಿ ತೂತು ಬಿಟ್ಟು ಅಲ್ಲಿಂದ ನುಸುಳುತ್ತಿದೆ ಎಂದೇ.

ತೊಟ್ಟಿಯ ತುದಿಯಲ್ಲಿ 1:5 ಇಳಿಜಾರಿಗೆ ತೆಂಗಿನ ನಾರಿನ ಚಾಪೆ ಹಾಸಿದರೂ ಅಲೆ ವಾಪಸ್ ಬರುತ್ತಿದೆ. 46 ಸೆಂ.ಮೀ. ಅಂತರದ ಎರಡು ಕಡೆ ಎತ್ತರ 7 ಮತ್ತು 5 ಸೆಂ.ಮೀ.; ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದರೆ ಶೇ. 17 ಪ್ರತಿಫಲನ. ಚಾಪೆ ಎರಡು ಪದರವಾಗಬೇಕು. ಆಮೇಲೆ 12, 18 ಮಿ.ಮೀ. ತೂತುಗಳನ್ನೂ ನೋಡಬೇಕು.